ಜೀರಿಗೆ ಪೊಟ್ಟಣದ ಜನರಲ್

ನಮ್ಮ ಮನೆಯಲ್ಲಿ ಜರ್ಮನಿಯ ವಾಯುಪಡೆಯ ಜನರಲ್ ಒಬ್ಬ ಹೆಚ್ಚುಕಡಿಮೆ ಎರಡು ವರ್ಷ ಇದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಿದ್ದ. ನಾಲ್ಕು ಗಂಟೆಗೆ ಅಪ್ಪಯ್ಯ ಅಂಗಡಿಯ ಹಲಗೆ ತೆಗೆಯುವಾಗ ಹೋಗುತ್ತಿದ್ದ. ಅವನಿಗೊಂದು ಹೆಸರಿತ್ತು. ಮನೆಯ ಐದು ಜನ ಅದನ್ನು ಐದು ಥರ ಹೇಳುತ್ತಿದ್ದೆವಾದ್ದರಿಂದ ಕೊನೆಗೆ ಜನರಲ್ಲು ಎಂದಷ್ಟೇ ಉಳಿಯಿತು. ಈಗ ನಾನು ಆ ಹೆಸರು ಬರೆದರೆ ನೀವು ಆರನೆಯ ಥರ ಓದುತ್ತೀರಿ, ಬೇಡ ಬಿಡಿ. ಅವನು ಇದ್ದದ್ದು ಅಜ್ಜನ ಬಾಯಲ್ಲಿ, ಅಜ್ಜನಿಗೆ ಸಿಕ್ಕಿದ್ದು ರದ್ದಿಯಲ್ಲಿ. ನಾನು ಮಾತು ಕಲಿತದ್ದು ಈ ಇಬ್ಬರಿಂದ.

ನಮ್ಮದು ಶಿರಸಿ ಪೇಟೆಯ ಉದ್ದಾನುದ್ದ ಮನೆ. ರಸ್ತೆಗೆ ಮುಖ ಮಾಡಿ ಅಪ್ಪಯ್ಯನ ಕಿರಾಣಿ ಅಂಗಡಿ, ಅದರ ಹಿಂದೆ ಚೀಲಗಳ ಕೋಣೆ, ಅದರ ಹಿಂದೆ ಅಡುಗೆಮನೆ, ಅದರಾಚೆ ಬಾವಿ. ಒಂದರ ಹಿಂದೊಂದು, ರೈಲಿನ ಡಬ್ಬಿಯ ಹಾಗೆ. ಅಂಗಡಿಯಲ್ಲಿ ಮೆಣಸಿನ ಚೀಲ ಬಿಚ್ಚಿದರೆ ಬಾವಿಕಟ್ಟೆಯಲ್ಲಿ ನನ್ನ ತಾಯಿ, ಆಯಿ, ಸೀನುತ್ತಿದ್ದಳು. ಚೀಲಗಳ ಕೋಣೆಗೆ ಕಿಟಕಿ ಇರಲಿಲ್ಲ. ಮಾಡಿಗೆ ಹಾಕಿದ ಎರಡು ಗಾಜಿನ ಹಂಚಿನಿಂದ ಬೆಳಕು ಬೀಳುತ್ತಿತ್ತು. ಊಟವಾದ ಮೇಲೆ ಮನೆಮಂದಿಯೆಲ್ಲ ಆ ಬೆಳಕಿನ ಎರಡು ಚೌಕಗಳ ಸುತ್ತ ಕೂತು ಪೊಟ್ಟಣ ಮಾಡುತ್ತಿದ್ದೆವು. ತೊಂಬತ್ತರ ದಶಕದ ಆ ದಿನಗಳಲ್ಲಿ ಪ್ಲಾಸ್ಟಿಕ್ ಕೊಟ್ಟೆ ಪೇಟೆಗೆ ಬಂದಿದ್ದರೂ ನಮ್ಮ ಅಂಗಡಿಯ ಒಳಗೆ ಬಂದಿರಲಿಲ್ಲ. ಅಜ್ಜ ಹಳೆಯ ಪುಸ್ತಕಗಳ ಹೊಲಿಗೆ ಬಿಚ್ಚಿ ಹಾಳೆ ಬೇರೆ ಮಾಡಬೇಕು, ಆಯಿ ಮಡಚಬೇಕು, ನಾನು ಮೈದಾ ಅಂಟು ಹಚ್ಚಬೇಕು, ಅಪ್ಪಯ್ಯನ ತಾಯಿ ಅಮ್ಮಮ್ಮ ಒಣಗಿಸಿ ಕಟ್ಟು ಕಟ್ಟಬೇಕು. ಅಪ್ಪಯ್ಯನ ಕೆಲಸ ಸಕ್ಕರೆ ಚೀಲಕ್ಕೆ ಒರಗಿ ನಿದ್ದೆ ಮಾಡುವುದು.

ಕೆಲಸ ನಿಲ್ಲುತ್ತಿದ್ದುದು ಅಜ್ಜನಿಂದ. ಅವನು ಓದದೆ ಹಾಳೆ ಹರಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬೆಳಗಾವಿಯಲ್ಲಿ ಯಾರದೋ ಮನೆಯಲ್ಲಿದ್ದು ಕಲಿತವನಾದ್ದರಿಂದ ಅವನಿಗೆ ಮರಾಠಿ ನೀರು ಕುಡಿದ ಹಾಗೆ. ರದ್ದಿಯಲ್ಲಿ ಮರಾಠಿ ಪುಸ್ತಕ ಬಂದರೆ ಅವತ್ತು ಪೊಟ್ಟಣಕ್ಕೆ ಬರಗಾಲ. ಎಲೆಯಡಿಕೆಯ ಕವಳ ಹಾಕುತ್ತಲೇ ಓದುತ್ತಿದ್ದ. ಸುಣ್ಣ ತೀಡಿದ ಹೆಬ್ಬೆರಳಿನಿಂದಲೇ ಪುಟ ಮಗುಚುತ್ತಿದ್ದುದರಿಂದ ಅವನು ಓದಿದ ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಒಂದು ಬಿಳಿಯ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಯಾವ ಕಟ್ಟು ಓದಿ ಆಯಿತು, ಯಾವುದು ಹರಿಯಲು ಬಾಕಿ ಎಂದು ಆಯಿ ನೋಡುತ್ತಿದ್ದುದು ಆ ಗುರುತಿನಿಂದಲೇ. ಜನರಲ್ಲನ ಚರಿತ್ರೆ ಹಾಗೆ ಬಂದ ಮರಾಠಿ ಪುಸ್ತಕ. ರಟ್ಟು ಇರಲಿಲ್ಲ. ನಾನು ನೋಡುವ ಹೊತ್ತಿಗೆ ಅರ್ಧವೇ ಇತ್ತು. ಮುಂದಿನ ಅರ್ಧ ಬರಲೇ ಇಲ್ಲ ಎಂದು ಅಜ್ಜ ಹೇಳಿದ್ದ.

ಈಗ ನನ್ನ ವಿಷಯ. ಆಗ ನಾನು ಹತ್ತು ವರ್ಷದ ಹುಡುಗಿ, ಮತ್ತು ಹೊರಗಿನವರ ಎದುರು ಮಾತನಾಡುತ್ತಿರಲಿಲ್ಲ. ಮನೆಯಲ್ಲಿ ಪಿಸುಮಾತು ಇತ್ತು. ಗಿರಾಕಿ ಬಂದರೆ ಬೆಲ್ಲದ ಪೆಂಟೆಗಳ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುವುದಷ್ಟೆ. ಡಾಕ್ಟರರು ಗಂಟಲಲ್ಲಿ ದೀಪ ಬಿಟ್ಟು ನೋಡಿ ಏನೂ ಇಲ್ಲ ಎಂದರು. ಅಮ್ಮಮ್ಮನ ತವರು ಯಲ್ಲಾಪುರದ ಕಡೆ. ಅವಳು ಚಂದಗುಳಿಯ ಗಂಟೆ ಗಣಪತಿಗೆ ಹೇಳಿಕೊಂಡಳು: ಕೂಸು ಹತ್ತು ಜನರ ಎದುರು ಬಾಯಿ ಬಿಟ್ಟು ಮಾತಾಡಿದರೆ ಒಂದು ಗಂಟೆ ಕಟ್ಟುತ್ತೇನೆ. ಹೇಳಿಕೊಂಡು ಸುಮ್ಮನಿರಲಿಲ್ಲ, ಗಂಟೆಯನ್ನು ಮೊದಲೇ ತಂದೂಬಿಟ್ಟಳು. ಹಿತ್ತಾಳೆಯದು, ತೆಂಗಿನ ಗಡಿಯಷ್ಟು, ಒಡೆದ ಅರ್ಧ ಕಾಯಿಯಷ್ಟು ದೊಡ್ಡದು. ದೇವರಿಗೆ ಸೇರುವ ಮೊದಲು ಅದು ಶಬ್ದ ಮಾಡಬಾರದೆಂದು ಅದರ ನಾಲಿಗೆಗೆ ಹಳೇ ಸೀರೆಯ ಚಿಂದಿ ಸುತ್ತಿ ಅಡುಗೆಮನೆಯ ಗಳಕ್ಕೆ ತೂಗುಹಾಕಿದಳು. ಊಟಕ್ಕೆ ಕೂತಾಗ ಅದು ಸರಿಯಾಗಿ ನನ್ನ ತಲೆಯ ಮೇಲಿರುತ್ತಿತ್ತು. ಯಾರೂ ನನಗೆ ಮಾತಾಡು ಎಂದು ಹೇಳುತ್ತಿರಲಿಲ್ಲ. ಗಂಟೆ ಹೇಳುತ್ತಿತ್ತು.

ಅಜ್ಜ ಹೇರೂರಿನ ಕಡೆಯ ತಾಳಮದ್ದಲೆಗಳಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳಿ ಹೆಸರು ಮಾಡಿದವನು. ವೇಷವಿಲ್ಲದೆ, ಹೆಗಲ ಮೇಲೊಂದು ಶಾಲು ಹಾಕಿ ಕೂತು, ಬಾಯಿಮಾತಿನಲ್ಲೇ ಕೌರವನೂ ಆಗಬಲ್ಲ, ಕೃಷ್ಣನೂ ಆಗಬಲ್ಲ. ಅಂಥವನ ಕೈಗೆ ಜನರಲ್ಲು ಸಿಕ್ಕಿದರೆ ಕೇಳಬೇಕೇ? ಹಿಮದ ಹಳ್ಳಿಯ ಹುಡುಗ, ಸವಾರರ ಪಡೆಗೆ ಸೇರಿದ. ಮೊದಲ ಮಹಾಯುದ್ಧದಲ್ಲಿ ಅವನ ಕುದುರೆ ಸತ್ತಿತು; ಇನ್ನು ಕುದುರೆ ಕಾಲ ಮುಗಿಯಿತೆಂದು ವಿಮಾನ ಹತ್ತಿದ. ಹೊಡೆತ ತಿಂದು ಬಿದ್ದ, ಸೆರೆ ಸಿಕ್ಕಿದ, ಬಿಡುಗಡೆಯಾಗಿ ಬಂದ. ಸೋತ ಜರ್ಮನಿ ಯುದ್ಧವಿಮಾನ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಗೆದ್ದವರು ಹೇಳಿದಾಗ ಇವನು ಎಂಜಿನ್ನಿಲ್ಲದ ವಿಮಾನಗಳನ್ನು ಗುಡ್ಡದ ನೆತ್ತಿಯಿಂದ ತಳ್ಳಿಸಿ ಊರ ಹುಡುಗರಿಗೆಲ್ಲ ಹಾರಲು ಕಲಿಸಿದ. ಆಟವೆಂದು ಕಾಣುವ ಹಾಗೆ ಒಂದು ಸೈನ್ಯ ಕಟ್ಟಿದ. ಕ್ಯಾಪ್ಟನ್ ಆದ, ಕರ್ನಲ್ ಆದ, ಜನರಲ್ ಆದ. ಎಂಜಿನ್ನಿಲ್ಲದ ವಿಮಾನ ಹೇಗೆ ಹಾರುತ್ತದೆ ಎಂದು ತೋರಿಸಲು ಅಜ್ಜ ಮಡಚದ ಪೊಟ್ಟಣದ ಹಾಳೆಯನ್ನು ಮೆಣಸಿನ ಚೀಲದ ಮೇಲೆ ನಿಂತು ತೇಲಿಬಿಟ್ಟದ್ದೂ, ಅದು ಹೋಗಿ ಅಪ್ಪಯ್ಯನ ಮೂಗಿನ ಮೇಲೆ ಕೂತದ್ದೂ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಊಟದ ಎಲೆಯ ಮುಂದೆಯೂ ಜನರಲ್ಲು ಬಿಡುತ್ತಿರಲಿಲ್ಲ. ಅಪ್ಪೆಹುಳಿ ಬಡಿಸುವ ಅಮ್ಮಮ್ಮನಿಗೆ ಸಿಟ್ಟು.

“ಊಟಕ್ಕೆ ಕೂತಾಗ ಅವನನ್ನ ಹೊರಗೇ ಕೂರ್ಸಿ. ಆನು ಅವಂಗೆ ಎಲೆ ಹಾಕಿದ್ನಿಲ್ಲೆ.”

“ಅಂವ ಮಿಲಿಟ್ರಿಯಂವ, ನಿಂತ್ಕಂಡೇ ಉಣ್ತ,” ಎಂದ ಅಜ್ಜ.

ಅಜ್ಜನಿಗೆ ಒಂದು ಪದ್ಧತಿ ಇತ್ತು. ಎದುರು ಅರ್ಥ ಹೇಳುವವರು ಇಲ್ಲದೆ ಅವನಿಗೆ ಮಾತೇ ಬರುವುದಿಲ್ಲ. ಹೊಗಳುವವನ ಎದುರು ತೆಗಳುವವನು ಕೂರಬೇಕು, ಆಗಲೇ ಮಾತಿಗೆ ಹರಿತ ಬರುತ್ತದೆ ಎನ್ನುವವನು. ಮೊದಮೊದಲು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೂಂಗುಟ್ಟಲು ಮಾತ್ರ ಹೇಳಿದ. ಆಮೇಲೆ ನಾನು ಕುದುರೆಯಾದೆ, ಸೆರೆಮನೆಯ ಕಾವಲಿನವನಾದೆ, ಗುಡ್ಡದಿಂದ ಹಾರಲು ಹೆದರುವ ಹುಡುಗನಾದೆ. ಹೆದರುವ ಹುಡುಗನಾಗಿ ನಾನು ಒಂದು ಮಧ್ಯಾಹ್ನ ಎಷ್ಟು ಗಟ್ಟಿಯಾಗಿ ಜಗಳವಾಡಿದೆನೆಂದರೆ ಅಪ್ಪಯ್ಯನಿಗೆ ಎಚ್ಚರವಾಯಿತು. ಅಮ್ಮಮ್ಮ ಗಂಟೆಯ ಕಡೆ ನೋಡಿದಳು. ಆಯಿ ತಲೆ ಅಲ್ಲಾಡಿಸಿದಳು.

“ಮನೆಯವರ ಎದುರು ಮಾತಾಡಿದ್ರೆ ಲೆಕ್ಕಕ್ಕಿಲ್ಲೆ ಅತ್ತೆ. ದೇವ್ರಿಗೆ ಮೋಸ ಮಾಡಲಾಗ.”

ಇದು ಅತ್ತೆ ಸೊಸೆಯರ ನಡುವೆ ತಿಂಗಳುಗಟ್ಟಲೆ ನಡೆದ ವ್ಯಾಜ್ಯ. ಅಂಗಡಿಯ ಹಲಗೆಸಂದಿಯಿಂದ ಇಬ್ಬರು ಗಿರಾಕಿಗಳು ಕೇಳಿಸಿಕೊಂಡಿದ್ದರು ಎಂದು ಅಮ್ಮಮ್ಮ, ಇಬ್ಬರು ಹತ್ತಾಗುವುದಿಲ್ಲ ಎಂದು ಆಯಿ.

ಕೈಯಲ್ಲಿದ್ದ ಅರ್ಧ ಪುಸ್ತಕ ಮುಗಿದಾಗ ಜನರಲ್ಲು ದೊಡ್ಡ ಹುದ್ದೆಯಲ್ಲಿದ್ದ, ಎರಡನೆಯ ಯುದ್ಧ ಹತ್ತಿರ ಬಂದಿತ್ತು. ಮುಂದೆ ಏನಾಯಿತು ಎಂದು ನಾನು ಅಜ್ಜನ ಬೆನ್ನು ಬಿದ್ದೆ. ಅವನು ಎರಡು ದಿನ ಕವಳ ಜಗಿದು, ಮೂರನೆಯ ದಿನ ಹೇಳಿದ. ಊರುಗಳ ಮೇಲೆ ಬಾಂಬು ಹಾಕು ಎಂದು ಅಪ್ಪಣೆ ಬಂತು. ಜನರಲ್ಲು ಹೆಗಲ ಮೇಲಿನ ಬಿಲ್ಲೆಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟ. ಹಿಮದ ಹಳ್ಳಿಗೆ ನಡೆದುಕೊಂಡು ಹೋದ. ಅಲ್ಲಿ ಜೇನು ಸಾಕಿದ. ಅಮ್ಮಮ್ಮನಿಗೆ ಆ ದಿನದಿಂದ ಅವನ ಮೇಲೆ ಪ್ರೀತಿ ಬಂತು. ಇಂಥವನಿಗೆ ನಾಳೆಯಿಂದ ಎಲೆ ಹಾಕಲಡ್ಡಿಯಿಲ್ಲ ಎಂದಳು.

ಆ ವರ್ಷ ಶಾಲೆಯಲ್ಲಿ ಶನಿವಾರದ ಸಭೆಗೆ ಯಾರಾದರೂ ದೊಡ್ಡವರ ಜೀವನ ಹೇಳಬೇಕೆಂದು ಮಾಸ್ತರರು ಸರದಿ ಹಾಕಿದರು. ನನ್ನ ಸರದಿ ಬಂದಾಗ ಕೈಬಿಟ್ಟು ಮುಂದಿನವರ ಹೆಸರು ಕರೆದರು, ಪಾಪ, ಕರುಣೆಯಿಂದಲೇ. ನಾನು ಎದ್ದು ಮುಂದೆ ಹೋದೆ. ಹೇಗೆ ಹೋದೆ ಎಂದು ಕೇಳಿದರೆ ಗೊತ್ತಿಲ್ಲ. ಕುದುರೆ ಸತ್ತಲ್ಲಿಂದ ಹಿಡಿದು ಜೇನುಗೂಡಿನವರೆಗೆ ಹೇಳಿದೆ. ನಲವತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರರು ಸೈಕಲ್ ಹತ್ತಿ ಅಂಗಡಿಗೇ ಬಂದು ಅಪ್ಪಯ್ಯನಿಗೆ ಸುದ್ದಿ ಮುಟ್ಟಿಸಿದರು. ಈಗ ಆಯಿಯೂ ಒಪ್ಪಿದಳು. ಮುಂದಿನ ಸಂಕಷ್ಟಿಗೆ ಚಂದಗುಳಿಗೆ ಹೋಗುವುದು, ಗಂಟೆ ಕಟ್ಟುವುದು ಎಂದು ನಿಶ್ಚಯವಾಯಿತು. ಅಜ್ಜ ಮಾತ್ರ ನನ್ನ ತಲೆ ಸವರಿ, ಕೊನೆಗೆ ಜೇನಿನ ಭಾಗವನ್ನೂ ಹೇಳಿದೆಯಾ ಎಂದು ಕೇಳಿದ. ಹೇಳಿದೆ ಎಂದೆ. ಒಳ್ಳೆಯದು ಎಂದವನು ಕವಳದ ತಬಕು ಎಳೆದುಕೊಂಡ.

ಸಂಕಷ್ಟಿಗೆ ಇನ್ನೂ ಎರಡು ವಾರವಿತ್ತು. ಅಪ್ಪಯ್ಯನ ತಂಗಿ, ನನ್ನ ಅತ್ತೆ, ಹೆಗ್ಗರಣೆಯಲ್ಲಿದ್ದಳು. ಅವಳ ಮನೆಯಲ್ಲಿ ಸತ್ಯನಾರಾಯಣ ಕಥೆ ಇತ್ತು. ಹಿಂದಿನ ದಿನವೇ ಅಪ್ಪಯ್ಯ ನನ್ನನ್ನು ಅಲ್ಲಿ ಬಿಟ್ಟು ಬಂದ. ಅತ್ತೆಯ ಮನೆಗೆ ಸಾಮಾನು ಹೋಗುತ್ತಿದ್ದುದು ನಮ್ಮ ಅಂಗಡಿಯಿಂದಲೇ. ಜೀರಿಗೆಯನ್ನು ಡಬ್ಬಿಗೆ ಸುರಿ ಎಂದು ಅತ್ತೆ ನನ್ನ ಕೈಗೊಂದು ಪೊಟ್ಟಣ ಕೊಟ್ಟಳು. ಸುರಿದೆ. ಖಾಲಿ ಪೊಟ್ಟಣದ ಮೇಲೆ ಜನರಲ್ಲನ ಹೆಸರಿತ್ತು.

ಅಂಟು ಬಿಚ್ಚಿ ಹಾಳೆ ಬಿಡಿಸಿದೆ. ಶಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ಅಕ್ಷರ ಗೊತ್ತಿತ್ತು, ಮರಾಠಿ ಗೊತ್ತಿರಲಿಲ್ಲ. ಆದರೂ ಕೆಲವು ಮಾತುಗಳಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ‘ಬಾಜಾರಾಚಾ ದಿವಸ’ ಎಂದಿತ್ತು. ವಿಮಾನಗಳ ಲೆಕ್ಕವಿತ್ತು. ‘ತೀನ್ ತಾಸ್’ ಎಂದಿತ್ತು. ನಾವೂ ತಾಸು ಎಂದೇ ಅನ್ನುವವರು. ಯಾವುದೋ ದೇಶದ ಯಾವುದೋ ಸಣ್ಣ ಊರು, ಸಂತೆಯ ದಿನ, ಮೂರು ತಾಸು ಬಾಂಬು ಬಿದ್ದಿದೆ, ಅಪ್ಪಣೆ ಜನರಲ್ಲನದು. ಹೊಲಿಗೆ ಬಿಚ್ಚಿದ ಜೋಡಿಹಾಳೆಯಾದ್ದರಿಂದ ಇನ್ನೊಂದು ಮಗ್ಗುಲಲ್ಲಿ ಎಷ್ಟೋ ಮುಂದಿನ ಪುಟವಿತ್ತು, ಅಲ್ಲಿ ಅವನು ಮುದುಕನಾಗಿ ಸೆರೆಮನೆಯಲ್ಲಿದ್ದ. ಯಾರೋ ಏನೋ ಕೇಳುತ್ತಾರೆ. ಅವನು ಕೊಟ್ಟ ಉತ್ತರ ಎರಡೇ ಶಬ್ದ: ‘ಪಶ್ಚಾತ್ತಾಪ ನಾಹೀ’. ಜೇನಿನ ಸುದ್ದಿ ಎಲ್ಲಿಯೂ ಇರಲಿಲ್ಲ. ಇಷ್ಟೇ ಆಗಿದ್ದರೆ ನಾನು ಓಡಿಬಂದು ಅಜ್ಜನಿಗೆ ಸುದ್ದಿ ಹೇಳುತ್ತಿದ್ದೆ, ಪಾಪ ಅವನಿಗೂ ಗೊತ್ತಿಲ್ಲವಲ್ಲ ಎಂದು. ಆದರೆ ಹಾಳೆಯ ಕೆಳಮೂಲೆಯಲ್ಲಿ ಸುಣ್ಣದ ಹೆಬ್ಬೆಟ್ಟಿತ್ತು.

ಅಜ್ಜ ಓದಿದ್ದ. ಓದಿ, ಹರಿದು, ಪೊಟ್ಟಣಕ್ಕೆ ಹಾಕಿದ್ದ. ಅದಕ್ಕೆ ನಾನೇ ಅಂಟು ಹಚ್ಚಿದ್ದೆ. ಆಮೇಲೆ ನಲವತ್ತು ಮಕ್ಕಳ ಎದುರು, ನನ್ನ ಜೀವಮಾನದ ಮೊದಲ ಮಾತು ಎಂದು ಹೋಗಿ ನಿಂತು, ನಾನು ಒಂದು ಸುಳ್ಳು ಹೇಳಿ ಬಂದಿದ್ದೆ.

ಶಿರಸಿಗೆ ಮರಳಿದವಳು ಮಾತು ಬಿಟ್ಟೆ. ಈ ಸಲ ಮನೆಯಲ್ಲೂ. ಅಮ್ಮಮ್ಮ ದೃಷ್ಟಿ ತೆಗೆದಳು. ಸಂಕಷ್ಟಿ ಬಂತು, ಹೋಯಿತು. ಮಾತಾಡದ ಕೂಸನ್ನು ಕರೆದುಕೊಂಡು ಯಾವ ಮುಖದಿಂದ ಗಂಟೆ ಕಟ್ಟುವುದು ಎಂದು ಆಯಿ ಅತ್ತಳು. ಗಂಟೆ ಗಳದಲ್ಲೇ ಉಳಿಯಿತು. ಅಜ್ಜ ಹೊಸ ಕತೆ ತೆಗೆದ, ಹಾಳೆಯ ವಿಮಾನ ಬಿಟ್ಟ. ನಾನು ತಲೆ ಎತ್ತದೆ ಅಂಟು ಹಚ್ಚಿದೆ. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಆ ಹಾಳೆಯನ್ನು ಅವನ ಕವಳದ ತಬಕಿನಲ್ಲಿ, ಎಲೆಯ ಕೆಳಗೆ ಇಟ್ಟೆ. ಅವತ್ತು ಅಜ್ಜ ಕವಳ ಹಾಕಲಿಲ್ಲ. ಮಧ್ಯಾಹ್ನ ಮೊದಲ ತಂಬುಳಿ ಅನ್ನಕ್ಕೇ ಊಟ ಬಿಟ್ಟು ಎದ್ದ. ಏನಾಯಿತು ಎಂದು ಕೇಳಿದ ಅಮ್ಮಮ್ಮನಿಗೆ ಹೊಟ್ಟೆ ಸರಿಯಿಲ್ಲ ಎಂದ.

ಮಂಗಳವಾರ ಶಿರಸಿಯ ಸಂತೆ. ಆ ದಿನ ಮಧ್ಯಾಹ್ನ ಅಂಗಡಿ ಮುಚ್ಚುವುದಿಲ್ಲ. ಬನವಾಸಿ, ಮುಂಡಗೋಡದ ಕಡೆಯವರು ಚೀಲ ಹಿಡಿದು ಕಟ್ಟೆಯ ತುಂಬ ನಿಂತಿರುತ್ತಾರೆ. ನಾನು ಬೆಲ್ಲದ ಪೆಂಟೆಗಳ ಹಿಂದೆ ಪೊಟ್ಟಣ ಕೊಡುತ್ತ ಕೂತಿದ್ದೆ. ಅಜ್ಜ ಒಳಗಿನಿಂದ ಬಂದ. ಹೆಗಲ ಮೇಲೆ ತಾಳಮದ್ದಲೆಯ ಶಾಲು. ಉಪ್ಪಿನ ಚೀಲದ ಮೇಲೆ ನನಗೆ ಎದುರಾಗಿ ಕೂತ.

“ಕೂಸೆ, ಇವತ್ತು ಆನು ಜನರಲ್ಲು. ನಿಂಗೆ ಯಾರಾಗವು ಹೇಳಿ ಕಾಣ್ತೋ, ನೀ ಅವರಾಗು.”

ಅಪ್ಪಯ್ಯ ತಕ್ಕಡಿ ಹಿಡಿದವನು ಹಾಗೇ ನಿಂತ. ಅಜ್ಜ ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ನನ್ನ ಕುದುರೆ ಸತ್ತಾಗ ಯಾರೂ ಅಳಲಿಲ್ಲ ಎಂದ. ಸೋತ ದೇಶದ ಹುಡುಗರಿಗೆ ರೆಕ್ಕೆ ಕೊಟ್ಟವನು ನಾನು ಎಂದ. ಸಿಪಾಯಿಗೆ ಅಪ್ಪಣೆ ಎಂಬುದೊಂದಿದೆ. ಯುದ್ಧದಲ್ಲಿ ಸೇತುವೆ ಬೀಳಿಸಬೇಕು. ಸೇತುವೆಯ ಪಕ್ಕದಲ್ಲಿ ಊರಿದ್ದರೆ ಅದು ಸೇತುವೆಯ ತಪ್ಪೇ, ನನ್ನ ತಪ್ಪೇ ಎಂದ. ಎಷ್ಟು ಚೆಂದ ಹೇಳಿದನೆಂದರೆ ಸಂತೆಗೆ ಬಂದವರು ಚೀಲ ಕೆಳಗಿಟ್ಟು ಕೇಳಿದರು. ಅಪ್ಪಯ್ಯ ಹೌದೆಂಬಂತೆ ತಲೆದೂಗಿದ. ನನಗೆ ರೇಗಿದ್ದು ಆ ತಲೆದೂಗುವಿಕೆಯಿಂದ. ಇವನು ಗೆದ್ದುಬಿಡುತ್ತಾನೆ, ಇಷ್ಟು ಜನರ ಎದುರು ಗೆದ್ದುಬಿಡುತ್ತಾನೆ ಎನ್ನಿಸಿತು. ಮುಂದೆ ನಿಂತಿದ್ದ ಮುಂಡಗೋಡ ಕಡೆಯ ಮುದುಕಿಯೊಬ್ಬಳು ನನ್ನ ಕಡೆ ಬಾಗಿದಳು.

“ಸುಮ್ನ ಯಾಕ ಕುಂತಿ ಯವ್ವಾ, ಅವಂಗ ಒಂದ್ ಮಾತ ಕೇಳು.”

ನಾನು ಎದ್ದು ಬೆಲ್ಲದ ಪೆಂಟೆಗಳ ಈಚೆ ಬಂದೆ. ಅಜ್ಜನಿಂದಲೇ ಕಲಿತ ಅರ್ಥದ ಭಾಷೆಯಲ್ಲಿ ಹೇಳಿದೆ.

“ನಾನು ಆ ಊರಿನ ಸಂತೆಯಲ್ಲಿ ಅಂಗಡಿ ಹಾಕಿದ್ದವನ ಮಗಳು. ಜನರಲ್ ಸಾಹೇಬರೇ, ಅವತ್ತು ಸಂತೆ ಎಂಬುದು ನಿಮಗೆ ಗೊತ್ತಿತ್ತೇ?”

ಅಜ್ಜ ಕಣ್ಣು ತೆರೆದ. ಗೊತ್ತಿರಲಿಲ್ಲ ಎಂದು ಹೇಳಬಹುದಾಗಿತ್ತು. ಅವನಂಥ ಮಾತುಗಾರನಿಗೆ ಅಲ್ಲಿಂದ ತಪ್ಪಿಸಿಕೊಳ್ಳಲು ಹತ್ತು ದಾರಿಗಳಿದ್ದವು. ಅವನು ನನ್ನನ್ನೇ ನೋಡಿದ.

“ಗೊತ್ತಿತ್ತು.”

“ಗೊತ್ತಿದ್ದೂ?”

ಹೇರೂರಿನಿಂದ ಯಲ್ಲಾಪುರದವರೆಗೆ ಯಾರ ಎದುರೂ ಮಾತಿಗೆ ತಡವರಿಸದ ಅಜ್ಜ ಉಪ್ಪಿನ ಚೀಲದ ಮೇಲೆ ಕೂತಲ್ಲೇ ಹೆಗಲ ಶಾಲಿಗೆ ಕೈ ಹಾಕಿದ. ಅದನ್ನು ತೆಗೆದು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡ. ಅರ್ಥ ಬಿಟ್ಟು ಮನೆಮಾತಿಗೆ ಬಂದು, ತನ್ನನ್ನೂ ಸೇರಿಸಿಕೊಂಡೇ ಹೇಳಿದ.

“ಇನ್ನು ಅವಂಗೆ ಮಾತಿಲ್ಲೆ ಕೂಸೆ. ಯಂಗೂ ಇಲ್ಲೆ.”

ಸಂತೆಯ ಜನಕ್ಕೆ ಏನು ತಿಳಿಯಿತೋ, ಕತೆ ಮುಗಿಯಿತೆಂದು ಚೀಲ ಎತ್ತಿಕೊಂಡರು. ಮುದುಕಿ ಮಾತ್ರ, ಹುಡುಗಿ ಗೆದ್ಲು ನೋಡ್ರಿ ಎಂದು ಅಪ್ಪಯ್ಯನಿಗೆ ಹೇಳಿ ತನ್ನ ಕಾಲು ಕಿಲೋ ಕಡಲೆಬೇಳೆ ಕೇಳಿದಳು. ಚೀಲಗಳ ಕೋಣೆಯ ಬಾಗಿಲಲ್ಲಿ ಅಮ್ಮಮ್ಮನೂ ಆಯಿಯೂ ನಿಂತಿದ್ದರು. ಅಂಗಡಿಯ ಕಟ್ಟೆಯಲ್ಲಿ ಎಷ್ಟು ಜನ ಇದ್ದರು ಎಂದು ಅಮ್ಮಮ್ಮ ಬೆರಳು ಮಡಚಿ ಎಣಿಸುತ್ತಿದ್ದಳು. ಈ ಸಲ ಆಯಿ ವಾದ ಮಾಡಲಿಲ್ಲ.

ಸಂಜೆ ಬಾವಿಕಟ್ಟೆಯ ಮೇಲೆ ಕೂತಾಗ ಅಜ್ಜ ತಾನಾಗಿಯೇ ಹೇಳಿದ. ಅವನು ಇಡೀ ಪುಸ್ತಕವನ್ನು ಮೊದಲೇ ಓದಿ ಮುಗಿಸಿದ್ದ. ಕೂಸಿಗೆ ಹೇಳುವಂಥದ್ದಲ್ಲವೆಂದು ಮುಂದಿನ ಅರ್ಧ ಹರಿದು ಹಾಕಿ, ಉಳಿದದ್ದನ್ನು ನನ್ನ ಎದುರು ಹೊಸದಾಗಿ ಓದುವವನ ಹಾಗೆ ಓದಿದ್ದ. ಮುಂದೇನಾಯಿತು ಎಂದು ಬೆನ್ನು ಬಿದ್ದಾಗ ನಾನು ಆಗ ತಾನೇ ಬಾಯಿ ಬಿಡುತ್ತಿದ್ದೆ. ಕತೆ ಕೆಟ್ಟರೆ ನಾನು ಮತ್ತೆ ಮುಚ್ಚಿಕೊಂಡೇನು ಎಂದು ಅವನಿಗೆ ಹೆದರಿಕೆ. ಅದಕ್ಕೆ ಜೇನು. ಕೇಳಿ ನನಗೆ ಸಿಟ್ಟು ಇಳಿಯಲಿಲ್ಲ, ಆದರೆ ಸಿಟ್ಟಿಗೆ ಈಗ ಮಾತಿತ್ತು. ಉಳಿದದ್ದನ್ನೆಲ್ಲ ಹೇಳು ಎಂದೆ. ಅವನು ನಾಲ್ಕು ಮಧ್ಯಾಹ್ನ ಹೇಳಿದ, ಶಾಲು ಹಾಕದೆ, ದನಿ ಏರಿಸದೆ. ಸುಟ್ಟ ಊರುಗಳ ಹೆಸರು, ಸೋಲು, ವಿಚಾರಣೆ, ಜೈಲು, ಕೊನೆಯವರೆಗೂ ಬಗ್ಗದ ಆ ಎರಡು ಶಬ್ದ. ಅಮ್ಮಮ್ಮ ಜನರಲ್ಲನ ಎಲೆ ತೆಗೆದುಬಿಟ್ಟೆ ಎಂದಳು. ಅಪ್ಪಯ್ಯ ಆ ನಾಲ್ಕು ದಿನ ನಿದ್ದೆ ಮಾಡಲಿಲ್ಲ.

ಮುಂದಿನ ಶನಿವಾರ ನಾನೇ ಮಾಸ್ತರರನ್ನು ಕೇಳಿ ಮುಂದೆ ಹೋದೆ. ಆವತ್ತು ನಾನು ಹೇಳಿದ ಕೊನೆ ನಿಜವಲ್ಲ, ನಿಜವಾದದ್ದು ಇದು ಎಂದು ಹೇಳಿದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಹಿಂದಿನ ಬೆಂಚಿನವಳೊಬ್ಬಳು ಜೇನೇ ಚೆನ್ನಾಗಿತ್ತು ಎಂದಳು. ನನಗೂ ಹಾಗೇ ಅನ್ನಿಸಿತ್ತು, ಆದರೆ ಹೇಳಲಿಲ್ಲ. ಇದೆಲ್ಲ ಎಲ್ಲಿ ಓದಿದೆ ಎಂದು ಮಾಸ್ತರರು ಕೇಳಿದರು. ಸ್ವಲ್ಪ ಅಜ್ಜನ ಬಾಯಲ್ಲಿ, ಸ್ವಲ್ಪ ಜೀರಿಗೆ ಪೊಟ್ಟಣದಲ್ಲಿ ಎಂದೆ. ಅವರು ನಕ್ಕರು, ನಾನು ನಗಲಿಲ್ಲ, ನಿಜವನ್ನೇ ಹೇಳಿದ್ದೆ. ಆ ಎರಡನೆಯ ಶನಿವಾರದ ಮೇಲೆ ಯಾರ ಎದುರು ನಿಂತರೂ ನಾನು ಬೆಲ್ಲದ ಪೆಂಟೆ ಹುಡುಕಿದ್ದಿಲ್ಲ. ಎರಡು ಸಾವಿರದ ಇಸವಿಯಾಚೆ ನಮ್ಮ ಅಂಗಡಿಗೂ ಪ್ಲಾಸ್ಟಿಕ್ ಬಂತು, ಪೊಟ್ಟಣದ ಮಧ್ಯಾಹ್ನಗಳು ನಿಂತವು. ಆ ಹೊತ್ತಿಗೆ ನಾನು ಅಜ್ಜನ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದೆ. ಅವನು ಯಾವ ಪಾತ್ರ ಮಾಡಿದರೂ ಎದುರು ಪಾತ್ರ ನನ್ನದು.

ಆದರೆ ಅದೆಲ್ಲ ಆಮೇಲೆ. ಶನಿವಾರದ ನಂತರ ಬಂದ ಸಂಕಷ್ಟಿಗೆ ಐದೂ ಜನ ಯಲ್ಲಾಪುರದ ಬಸ್ಸು ಹತ್ತಿದೆವು. ಅಂಗಡಿಗೆ ರಜೆ. ಗಂಟೆ ಅಮ್ಮಮ್ಮನ ತೊಡೆಯ ಮೇಲೆ ಕೂತು ಬಂತು. ಚಂದಗುಳಿಯಲ್ಲಿ ಸಾಲುಸಾಲು ಗಂಟೆಗಳು, ಚಿಕ್ಕವು, ದೊಡ್ಡವು, ಯಾರ್ಯಾರದೋ ಮನೆಯ ಯಾವ್ಯಾವುದೋ ಚಿಂತೆಗಳು. ಭಟ್ಟರು ತೋರಿಸಿದ ಕೊಕ್ಕೆಗೆ ಅಪ್ಪಯ್ಯ ನಮ್ಮದನ್ನು ಸಿಕ್ಕಿಸಿದ. ಅಮ್ಮಮ್ಮ ಕಾಲ್ಬೆರಳ ಮೇಲೆ ನಿಂತು ಚಿಂದಿ ಬಿಚ್ಚಿದಳು. ಎರಡು ವರ್ಷ ನನ್ನ ತಲೆಯ ಮೇಲೆ ಸುಮ್ಮನೆ ತೂಗಿದ್ದ ಅದರ ಸ್ವರ ಹೇಗಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೊದಲು ನಾನು ಬಾರಿಸಿದೆ, ಆಮೇಲೆ ಅಮ್ಮಮ್ಮ, ಆಯಿ, ಅಪ್ಪಯ್ಯ. ಅಜ್ಜ ಹಿಂದೆಯೇ ನಿಂತಿದ್ದ. ಎಲ್ಲರದೂ ಆದ ಮೇಲೆ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, ನಾನು ಮೊದಲೆಲ್ಲ ಮಾತಾಡುತ್ತಿದ್ದ ಪಿಸುದನಿಯಲ್ಲಿ ಕೇಳಿದ.

“ಆನೂ ಒಂದ್ಸಲ ಬಾರ್ಸಲಾ?”

ಅಷ್ಟು ಜನರ ನಡುವೆ, ಅವನ ಬಲಗಿವಿ ಸ್ವಲ್ಪ ಮಂದವಾದ್ದರಿಂದ, ಗಟ್ಟಿಯಾಗಿಯೇ ಹೇಳಿದೆ.

“ಬಾರ್ಸು ಅಜ್ಜ.”